ಅಪ್ಪಯ್ಯನ ಕಾಲು, ಹೈಂಡ್‌ಹೆಡ್ಡಿನ ದಾರಿ

ಹೇಜಲ್‌ಮಿಯರ್, ಸರ್ರೆ
ಫೆಬ್ರವರಿ 9

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಅಡಿಕೆಯ ಕೊನೆಕೊಯ್ಲು ಮುಗಿಯಿತೆಂದು ತಿಳಿದು ಸಮಾಧಾನವಾಯಿತು. ರಾಜತ್ತೆಯನ್ನು ಕೇಳಿದೆ ಎಂದು ಹೇಳು.

ನಿನ್ನ ಕಾಗದ ಬಂತು. ಅಪ್ಪಯ್ಯ ಸಕ್ಕರೆ ಕಾಯಿಲೆಯ ಮನುಷ್ಯ, ಮಂಡಿನೋವು ಬೇರೆ, ಇಂಗ್ಲೆಂಡಿನ ಗುಡ್ಡ ಹತ್ತುತ್ತೇನೆ ಎಂದು ಹಟ ಹಿಡಿದಿದ್ದಾನೆ, ನೀನಾದರೂ ಬೇಡ ಅನ್ನು ಎಂದು ಬರೆದಿದ್ದೀಯ. ಬೇಡ ಅನ್ನುವುದಿಲ್ಲ ಅಮ್ಮ. ಮೇ ತಿಂಗಳಲ್ಲಿ ಇಬ್ಬರೂ ಬನ್ನಿ. ಆದರೆ ಯಾವ ದಾರಿ, ಎಷ್ಟು ದೂರ, ಏನು ತಯಾರಿ ಎಂಬುದನ್ನು ಈಗಲೇ ಬರೆಯುತ್ತೇನೆ. ಅಪ್ಪಯ್ಯನಿಗೆ ಓದಿ ಹೇಳು, ಗಣಪಣ್ಣನಿಗೂ ತೋರಿಸು.

ಇಲ್ಲಿ 'ಹೀತ್' ಅನ್ನುವುದು ನಮ್ಮ ಬ್ಯಾಣದ ಹಾಗೆ, ದನ ಮೇಯುವ ಬಯಲು. ಮರಳು ಮಣ್ಣು, ಸಾರ ಕಡಿಮೆ, ಮೊಣಕಾಲೆತ್ತರದ ಹೆದರ್ ಪೊದೆ, ಮುಳ್ಳಿನ ಹಳದಿ ಹೂವಿನ ಗಾರ್ಸ್, ನಡುನಡುವೆ ಬ್ರಾಕನ್ ಎಂಬ ಜರಿಗಿಡ. ಸಾವಿರಾರು ವರ್ಷಗಳ ಹಿಂದೆ ಜನ ಕಾಡು ಕಡಿದು ದನ ಮೇಯಿಸಿದ್ದರಿಂದ ಆದ ಜಾಗವಿದು. ಮೇಯಿಸುವುದು ನಿಂತರೆ ಬರ್ಚ್ ಮತ್ತು ಪೈನ್ ಎದ್ದು ಕೆಲವೇ ವರ್ಷಗಳಲ್ಲಿ ಮುಚ್ಚಿಹಾಕುತ್ತವೆ. ನಮ್ಮಲ್ಲಿ ತೋಟಕ್ಕೆ ಸೊಪ್ಪಿನ ಬೆಟ್ಟದ ಹಕ್ಕು ಇರುವಂತೆ, ಇಲ್ಲಿನ ರೈತರಿಗೂ 'ಕಾಮನ್' ಎಂಬ ಊರೊಟ್ಟಿನ ಭೂಮಿಯಲ್ಲಿ ದನ ಮೇಯಿಸುವ, ಸೌದೆ ತರುವ, ಕೊಟ್ಟಿಗೆಗೆ ಹಾಸಲು ಬ್ರಾಕನ್ ಕೊಯ್ಯುವ ಹಕ್ಕುಗಳಿದ್ದವು. ಅಪ್ಪಯ್ಯನಿಗೆ ಇದನ್ನು ತೋರಿಸಲೇಬೇಕು ಅಂತ ನನಗೆ ತುಂಬ ಆಸೆ. ಹೆದರ್ ನೇರಳೆಯಾಗಿ ಅರಳುವುದು ಆಗಸ್ಟಿನಲ್ಲಿ, ಆಗ ಅಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಕಾಲ, ತೋಟ ಬಿಟ್ಟು ಬರುವಂತಿಲ್ಲ. ಮೇ ಮೊದಲ ವಾರ ಬಂದರೆ ಗಾರ್ಸ್ ತುಂಬ ಹೂ ಬಿಟ್ಟಿರುತ್ತದೆ, ಬಿಸಿಲಿಗೆ ಕೊಬ್ಬರಿಯ ವಾಸನೆ ಬರುತ್ತದೆ. ಕಾಡಿನ ನೆಲದಲ್ಲಿ ಬ್ಲೂಬೆಲ್ ಹೂಗಳೂ ಇರುತ್ತವೆ.

ದಾರಿಯ ವಿಷಯ. ಇಲ್ಲಿನ ನಮ್ಮ ಊರಿನಿಂದ ಹೈಂಡ್‌ಹೆಡ್ ಐದು ಕಿಲೋಮೀಟರ್ ಆಸುಪಾಸು. ಅಲ್ಲಿ ಡೆವಿಲ್ಸ್ ಪಂಚ್ ಬೌಲ್ ಎಂಬ ದೊಡ್ಡ ಬೋಗುಣಿಯಂಥ ಕಣಿವೆ ಇದೆ. ಮೇಲಿನ ಮರಳುಗಲ್ಲು ನೀರನ್ನು ಇಳಿಯಗೊಡುತ್ತದೆ, ಕೆಳಗಿನ ಜೇಡಿ ತಡೆಯುತ್ತದೆ. ಎರಡೂ ಕೂಡುವಲ್ಲಿ ಒರತೆ ಎದ್ದು, ಬುಡ ಸವೆದು, ಮೇಲಿನದು ಕುಸಿದು ಆದ ಕಣಿವೆ. ಅಪ್ಪಯ್ಯನಿಗೆ ಇದು ಮುಖ್ಯ: ಅಂಚಿನ ಮೇಲೆ ನೆಲ ಒಣಗಿರುತ್ತದೆ, ತಳದಲ್ಲಿ ಮಳೆ ನಿಂತು ವಾರವಾದರೂ ಕೆಸರು. ಕೆಳಗೆ ಇಳಿಯುವ ದಾರಿ ಕಡಿದಾಗಿದೆ. ಮಂಡಿಗೆ ಏಟು ಬೀಳುವುದು ಹತ್ತುವಾಗ ಅಲ್ಲ, ಇಳಿಯುವಾಗ. ಹಾಗಾಗಿ ಬೌಲ್‌ನ ತಳಕ್ಕೆ ಅಪ್ಪಯ್ಯನನ್ನು ಕರೆದೊಯ್ಯುವುದಿಲ್ಲ, ಎಷ್ಟು ಕೇಳಿದರೂ.

ನಾವು ನಡೆಯುವುದು ಅಂಚಿನಲ್ಲಿ, ಕಾರು ನಿಲ್ಲಿಸುವ ಜಾಗದಿಂದ ಗಿಬೆಟ್ ಹಿಲ್ಲಿಗೆ, ಸುಮಾರು ಒಂದು ಮೈಲಿ, ಏರು ಕಡಿಮೆ. ತುದಿ 272 ಮೀಟರ್. ತಿಳಿ ದಿನ ಅಲ್ಲಿಂದ ಲಂಡನ್ನಿನ ಎತ್ತರದ ಕಟ್ಟಡಗಳು ಕಾಣುತ್ತವೆ. ಗಿಬೆಟ್ ಎಂದರೆ ಸತ್ತ ಅಪರಾಧಿಗಳನ್ನು ತೂಗುಹಾಕುವ ಕಂಬ. 1786ರಲ್ಲಿ ಒಬ್ಬ ನಾವಿಕನನ್ನು ಕೊಂದ ಮೂವರನ್ನು ಮರುವರ್ಷ ಅಲ್ಲಿ ತೂಗುಹಾಕಿದ್ದರು. ಕಂಬ ಈಗಿಲ್ಲ, 1851ರಲ್ಲಿ ನಿಲ್ಲಿಸಿದ ಕಲ್ಲಿನ ಶಿಲುಬೆ ಇದೆ. ಮೊದಲು ಈ ಅಂಚಿನ ಮೇಲೆಯೇ ಲಂಡನ್–ಪೋರ್ಟ್ಸ್‌ಮತ್ ಹೆದ್ದಾರಿ ಹೋಗುತ್ತಿತ್ತು. 2011ರಲ್ಲಿ ಗುಡ್ಡದ ಅಡಿ 1.8 ಕಿಲೋಮೀಟರ್ ಸುರಂಗ ತೆರೆದು ರಸ್ತೆಯನ್ನು ಒಳಕ್ಕೆ ಹಾಕಿದರು, ಹಳೆಯ ಡಾಂಬರು ತೆಗೆದು ಮತ್ತೆ ಹೆದರ್ ಬೆಳೆಸಿದರು. ಒಂದು ದೇಶ ಹೆದ್ದಾರಿಯನ್ನು ಹೂತು ಬ್ಯಾಣವನ್ನು ವಾಪಸು ಕೊಟ್ಟಿದ್ದು ನನಗೆ ಬಹಳ ದೊಡ್ಡ ವಿಷಯ.

ಇಲ್ಲಿನ ಕಾಲುದಾರಿಗಳು ಖಾಸಗಿ ಹೊಲದ ನಡುವೆಯೂ ಹೋಗುತ್ತವೆ, ಮಾಲೀಕ ತಡೆಯುವಂತಿಲ್ಲ. ಗೂಟದ ಮೇಲೆ ಹಳದಿ ಬಾಣ ಇದ್ದರೆ ನಡೆಯುವವರಿಗೆ ಮಾತ್ರ. ನೀಲಿ ಇದ್ದರೆ ಕುದುರೆ, ಸೈಕಲ್ಲೂ ಬರುತ್ತವೆ, ಬದಿಗೆ ನಿಲ್ಲಬೇಕು. ಗೇಟು ಹೇಗಿತ್ತೋ ಹಾಗೆಯೇ ಬಿಡಬೇಕು. ಗುಡ್ಡದಲ್ಲಿ ಹೆದರ್ ಕಾಯಲು ಬಿಟ್ಟ ಉದ್ದ ಕೊಂಬಿನ ಹೈಲ್ಯಾಂಡ್ ದನಗಳಿವೆ. ಅಪ್ಪಯ್ಯ ಗಂಗೆದೊಗಲು ಸವರಲು ಹೋಗುತ್ತಾನೆ ಎಂದು ಗೊತ್ತು, ಬೇಡ ಎಂದು ಈಗಲೇ ಹೇಳಿಡು. ಕರು ಜೊತೆಗಿದ್ದರೆ ತಾಯಿ–ಕರುವಿನ ನಡುವೆ ಹೋಗಲೇಬಾರದು.

ಈಗ ಕಾಲು. ನನ್ನ ನಿಜವಾದ ಚಿಂತೆ ಇದೊಂದೇ. ಟಿಕೆಟ್ ತೆಗೆಯುವ ಮೊದಲು ಸಾಗರದ ಡಾಕ್ಟರ ಹತ್ತಿರ ಪಾದ ತೋರಿಸಿ. ತೆಳು ನೈಲಾನ್ ಎಳೆ ಮುಟ್ಟಿಸಿ ಸ್ಪರ್ಶ ನೋಡುವ ಪರೀಕ್ಷೆ ಇದೆ, ಅದನ್ನೇ ಕೇಳಿ. ಸ್ಪರ್ಶ ಕಡಿಮೆಯಾಗಿದ್ದರೆ ಬೊಬ್ಬೆ ಎದ್ದದ್ದು, ಕಡ್ಡಿ ಚುಚ್ಚಿದ್ದು ತಿಳಿಯುವುದೇ ಇಲ್ಲ. ಹುಣ್ಣು ಶುರುವಾಗುವುದು ಅಲ್ಲಿಂದ. ಹಾಗಿದ್ದರೆ ಅರ್ಧ ಗಂಟೆಗಿಂತ ಹೆಚ್ಚು ನಡೆಸುವುದಿಲ್ಲ. ಶೂ ಅಲ್ಲಿಯೇ ಕೊಳ್ಳಿ, ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಬೇಕು. ಮೊದಲ ದಿನ ಅರ್ಧ ಗಂಟೆ, ಆಮೇಲೆ ಹೆಚ್ಚಿಸುತ್ತ ಮೂರು ವಾರ ಹಾಕಿ ನಡೆಯಲಿ. ತೋಟಕ್ಕೆ ಬರಿಗಾಲಲ್ಲಿ ಹೋಗುವುದನ್ನು ಇನ್ನಾದರೂ ಬಿಡಲಿ. ಇಲ್ಲಿನ ಮರಳು ಶೂ ಒಳಗೆ ಸೇರಿ ಉಜ್ಜುತ್ತದೆ, ಪ್ರತಿ ನಿಲುಗಡೆಯಲ್ಲೂ ಶೂ ಬಿಚ್ಚಿ ಕೊಡವಬೇಕು. ರಾತ್ರಿ ಬೆರಳುಸಂದಿ, ಅಂಗಾಲು ನೋಡುವುದು ನಿನ್ನ ಕೆಲಸ. ಊರುಗೋಲು ಎರಡು ನನ್ನ ಹತ್ತಿರ ಇವೆ. ಹಿಡಿದಾಗ ಮೊಣಕೈ ನೇರಕೋನಕ್ಕೆ ಬರಬೇಕು, ಇಳಿಜಾರಿನಲ್ಲಿ ಐದಾರು ಸೆಂಟಿಮೀಟರ್ ಉದ್ದ ಮಾಡಿಕೊಡುತ್ತೇನೆ.

ಸಕ್ಕರೆ ಇಳಿಯುವುದರ ಬಗ್ಗೆ: ಸಕ್ಕರೆ ಇಳಿಸುವ ಬೆಳಗಿನ ಗ್ಲಿಮಿಪಿರೈಡ್ ಗುಳಿಗೆ ತಿಂದು ಸರಿಯಾಗಿ ಊಟ ಮಾಡದೆ ನಡೆದರೆ ಇಳಿಯುತ್ತದೆ. ಹೊರಡುವ ಮೊದಲು ಮೀಟರಿನಲ್ಲಿ ರಕ್ತದ ಸಕ್ಕರೆ ನೋಡಿ, 90ಕ್ಕಿಂತ ಕಡಿಮೆ ಇದ್ದರೆ ತಿಂದೇ ಹೊರಡುವುದು. ಬೆವರು, ನಡುಕ, ಮಾತು ತೊದಲುವುದು ಕಂಡು 70ರ ಕೆಳಗೆ ಹೋಗಿದ್ದರೆ 15 ಗ್ರಾಂ ಗ್ಲುಕೋಸ್ ಪುಡಿ ನೀರಿನಲ್ಲಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡುವುದು, ಏರದಿದ್ದರೆ ಮತ್ತೆ ಅಷ್ಟೇ. ನೀನು ಕಟ್ಟಿಕೊಡುವ ಉಂಡೆ ಆಗ ಕೆಲಸಕ್ಕೆ ಬಾರದು, ತುಪ್ಪ ಇರುವುದರಿಂದ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಸುಧಾರಿಸಿದ ಮೇಲೆ ತಿನ್ನಲಿ. ಅಪ್ಪಯ್ಯನ ಮೀಟರು, ಪಟ್ಟಿಗಳನ್ನು ತನ್ನಿ. ಇಲ್ಲಿನ ಮೀಟರು ಬೇರೆ ಲೆಕ್ಕ, ನಮ್ಮ 100ಕ್ಕೆ ಇಲ್ಲಿ 5.6 ತೋರಿಸುತ್ತದೆ, ನೋಡಿ ಗಾಬರಿಯಾದೀರಿ. ಮೇಯಲ್ಲಿ ರಾತ್ರಿ ಎಂಟೂವರೆಗೂ ಬೆಳಕಿರುತ್ತದೆ, ಬೆಳಕು ನೋಡಿ ಊಟ, ಗುಳಿಗೆ ತಡಮಾಡಬಾರದು. ಗಡಿಯಾರ ನೋಡಬೇಕು.

ಉಣುಗಿನ ಬಗ್ಗೆ ನೀನು ಕೇಳಿದ್ದು ಸರಿ. ನಮ್ಮ ಕಡೆಯ ಅರಳಗೋಡಿನಲ್ಲಿ ಉಣುಗಿನಿಂದ ಮಂಗನ ಕಾಯಿಲೆ ಹರಡಿದ್ದನ್ನು ಕಂಡವರಿಗೆ ಭಯ ಇದ್ದೇ ಇರುತ್ತದೆ. ಆದರೆ ಮಂಗನ ಕಾಯಿಲೆ ಇಲ್ಲಿಲ್ಲ. ಇಲ್ಲಿನ ಉಣುಗಿನಿಂದ ಬರುವ ಮುಖ್ಯ ಕಾಯಿಲೆ ಲೈಮ್, ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಬೇಗ ಗೊತ್ತಾದರೆ ಗುಳಿಗೆಯಲ್ಲೇ ವಾಸಿ. ಮೇಯಲ್ಲಿ ಉಣುಗು ಜಾಸ್ತಿ, ಮರಿಗಳು ಗಸಗಸೆ ಕಾಳಿನಷ್ಟೇ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ತಿಳಿಬಣ್ಣದ್ದು ಹಾಕಿ, ದಾರಿಯ ನಡುವೆ ನಡೆದರೆ ಮುಕ್ಕಾಲು ಪಾಲು ತಪ್ಪುತ್ತದೆ. ಮನೆಗೆ ಬಂದ ಮೇಲೆ ಮಂಡಿಯ ಹಿಂದೆ, ತೊಡೆಸಂದಿ, ಕಂಕುಳು, ಸೊಂಟದ ಪಟ್ಟಿ ನೋಡುವುದು. ಕಚ್ಚಿದ್ದರೆ ಚೂಪು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಬೇಕು. ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ, ಉಣುಗು ತನ್ನ ಹೊಟ್ಟೆಯಲ್ಲಿರುವುದನ್ನು ಗಾಯದೊಳಗೆ ಕಕ್ಕುತ್ತದೆ. ಆಮೇಲೆ ಒಂದು ತಿಂಗಳು ಗಮನವಿಡಿ, ಉಂಗುರದಂತೆ ಹರಡುವ ಕೆಂಪು ಕಂಡರೆ ಸಾಗರದಲ್ಲೇ ಇದ್ದರೂ ಡಾಕ್ಟರಿಗೆ 'ಇಂಗ್ಲೆಂಡಿನಲ್ಲಿ ಉಣುಗು ಕಚ್ಚಿತ್ತು' ಎಂದು ಹೇಳಬೇಕು.

ವಿಷದ ಹಾವು ಇಲ್ಲಿ ಒಂದೇ, ಆಡರ್. ಕಡಿತದಿಂದ ಕೊನೆಯ ಸಾವು 1975ರಲ್ಲಿ. ಹೆಜ್ಜೆ ಸದ್ದಿಗೇ ಸರಿಯುತ್ತದೆ. ಉಂಬಳದ ಕಾಟವಂತೂ ಇಲ್ಲವೇ ಇಲ್ಲ.

ವಿಮೆ ಮರೆಯಬೇಡಿ. ಸಕ್ಕರೆ ಕಾಯಿಲೆ, ಮಂಡಿನೋವು ಎರಡನ್ನೂ ಬರೆಸಿಯೇ ವಿಮೆ ಮಾಡಿಸಿ, ಮುಚ್ಚಿಟ್ಟರೆ ದುಡ್ಡು ಕೊಡುವುದಿಲ್ಲ. ಪ್ರವಾಸಕ್ಕೆ ಬಂದವರನ್ನು ಇಲ್ಲಿ ಆಸ್ಪತ್ರೆಗೆ ಸೇರಿಸಿದರೆ ಒಂದೂವರೆ ಪಟ್ಟು ದರ ಹಾಕುತ್ತಾರೆ. ಕಂತು ನಾನು ಕಟ್ಟುತ್ತೇನೆ, ಅಡಿಕೆ ಮಾರಿದ ದುಡ್ಡು ಮುಟ್ಟಬೇಡಿ.

ಏನೂ ಆಗುವುದಿಲ್ಲ ಅಮ್ಮ, ಖಂಡಿತ ಆಗುವುದಿಲ್ಲ. ನಾನು ಜೊತೆಗೇ ಇರುತ್ತೇನೆ, ಒಂದು ಹೆಜ್ಜೆಯೂ ಒಬ್ಬನೇ ಇಡಲು ಬಿಡುವುದಿಲ್ಲ. ಗ್ಲುಕೋಸ್ ಪುಡಿ ನನ್ನ ಚೀಲದಲ್ಲೂ ಇರುತ್ತದೆ, ಅವನ ಜೇಬಿನಲ್ಲೂ. ನೀನು ನಿದ್ದೆ ಕೆಡಿಸಿಕೊಳ್ಳಬೇಡ. ಪಾದದ ಪರೀಕ್ಷೆ ಆದ ದಿನವೇ ಫೋನು ಮಾಡು.

ಅಂಚೆಯವರು ಐದಕ್ಕೆ ಡಬ್ಬ ತೆರೆಯುತ್ತಾರೆ, ಓಡುತ್ತೇನೆ. ಸುಮಳ ವಿಷಯ ಮುಂದಿನ ಕಾಗದದಲ್ಲಿ.

ನಿನ್ನ
ವೀಣಾ