ಕಸದ ಯೋಜನೆಗೆ ನಮ್ಮ ಬೀದಿಯ ಸಲಹೆ – ಭಾನುವಾರ ಬೆಳಿಗ್ಗೆ 10ಕ್ಕೆ

ಎಲ್ಲರಿಗೂ ನಮಸ್ಕಾರ 🙏

ಚಿಕ್ಕಮಗಳೂರಲ್ಲಿ ಕಸ ಕಡಿಮೆ ಮಾಡುವ ಯೋಜನೆಗೆ ನಮ್ಮ ಬೀದಿಯಿಂದ ಒಂದೇ ಸಲಹಾಪತ್ರ ಬರೆದು ನಗರಸಭೆಗೆ ಕೊಡೋಣ ಅಂತ ಮಾತಾಗಿತ್ತಲ್ಲ, ಅದಕ್ಕೆ ಈ ಭಾನುವಾರ ಬೆಳಿಗ್ಗೆ 10ಕ್ಕೆ ಪಾರ್ಕಿನ ಕಲ್ಲುಬೆಂಚಿನ ಹತ್ತಿರ ಸೇರೋಣ. ಮನೆಗೊಬ್ಬರು ಬಂದರೆ ಸಾಕು. ಬಾಡಿಗೆಯವರು, ಅಂಗಡಿಯವರು, ಹೋಂಸ್ಟೇ ನಡೆಸುವವರೂ ಬನ್ನಿ. ವಾರದ ಕೊನೆಗೆ ಗಿರಿಗೆ ಬರುವವರು ಬಿಟ್ಟುಹೋಗುವ ನೀರಿನ ಬಾಟಲಿ, ಚಿಪ್ಸ್ ಕವರಿನ ಲೆಕ್ಕ ನಮಗಿಂತ ಹೋಂಸ್ಟೇಯವರಿಗೇ ಚೆನ್ನಾಗಿ ಗೊತ್ತು.

ಬರುವ ಮುಂಚೆ ಮೂರು ದಿನ ನಿಮ್ಮ ಮನೆಯ ಕಸ ಗಮನಿಸಿ: ಹಸಿ ಎಷ್ಟು, ಒಣ ಎಷ್ಟು, ಅದರಲ್ಲಿ ಪ್ಲಾಸ್ಟಿಕ್ ಎಷ್ಟು. ತೂಕ ಬೇಡ, ಬಕೆಟ್ ಲೆಕ್ಕ ಸಾಕು. ನಮ್ಮ ಮನೆಯಲ್ಲಂತೂ ಅರ್ಧ ಬಕೆಟ್ ತರಕಾರಿ ಸಿಪ್ಪೆ ಮತ್ತು ಕಾಫಿ ಚರಟವೇ! ಅದು ಗಿಡಕ್ಕೆ ಗೊಬ್ಬರವಾದರೆ ಗಾಡಿಗೆ ಹೋಗುವುದೇ ಬೇಡ.

ಹಸಿ, ಒಣ, ಅಪಾಯಕಾರಿ ಅಂತ ಮನೆಯಲ್ಲೇ ಬೇರ್ಪಡಿಸಬೇಕೆಂದು ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿಯಮದಲ್ಲೇ ಹೇಳಿತ್ತು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾಗಳಿಗೆ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಿದೆ. ಆದ್ದರಿಂದ ಬರೀ ದೂರು ಬರೆಯೋದು ಬೇಡ, ನಾವು ಏನು ಮಾಡ್ತೀವಿ ಅಂತಲೂ ಬರೆಯೋಣ. ಗಾಜಿನ ಚೂರು, ಪ್ಯಾಡ್, ಡೈಪರ್‌ ಪೇಪರಿನಲ್ಲಿ ಸುತ್ತಿ ಬೇರೆ ಕೊಡುವುದು ಇವತ್ತಿನಿಂದಲೇ ಶುರುವಾಗಲಿ. ಇಲ್ಲದಿದ್ದರೆ ಪೌರಕಾರ್ಮಿಕರು ಅದನ್ನೆಲ್ಲ ಕೈಯಲ್ಲೇ ಆರಿಸಬೇಕಾಗುತ್ತೆ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ "ಬರ್ತೀನಿ" ಅಂತ ಹಾಕಿ. ಆಗದವರು ಸಲಹೆಯನ್ನು ವಾಯ್ಸ್ ಮೆಸೇಜಲ್ಲಿ ಹೇಳಿದರೂ ಸರಿ, ನಾನು ಬರೆದುಕೊಳ್ತೀನಿ. ಅಲ್ಲಿವರೆಗೆ ಗುಡ್ ಮಾರ್ನಿಂಗ್ ಫೋಟೋ ಸ್ವಲ್ಪ ಕಡಿಮೆ ಮಾಡಿ, ಉತ್ತರಗಳು ಮೇಲೆ ಹೋಗಿಬಿಡುತ್ತವೆ 😄