ಬಾಲದ ದೀಪದ ವೈರಿನ ದಾರಿಯನ್ನು ಕುರಿತು ಸೋದರಳಿಯನಿಗೆ

ಬೆಂಗಳೂರು

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ ಬರೆಯುತ್ತಿರು.

ಪೋರ್ಟ್‌ಲ್ಯಾಂಡಿನ ನಿನ್ನ ಗ್ಯಾರೇಜಿನಿಂದ ಕಳಿಸಿದ ಹದಿನಾಲ್ಕು ಫೋಟೋಗಳನ್ನು ಎರಡು ಸಂಜೆ ಕೂತು ನೋಡಿದೆ. ಕಿಟ್ ತರಿಸಿ ನೀನೇ ಕಟ್ಟುತ್ತಿರುವ ಆರ್‌ವಿ-7 ವಿಮಾನದ ಹಿಂಭಾಗ ಇಷ್ಟು ಬೇಗ ಆಕಾರಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ. ರಿವೆಟ್ ಸಾಲುಗಳೂ ನೆಟ್ಟಗಿವೆ. ಅದಕ್ಕಿಂತ ಹೆಚ್ಚಿನ ಸಮಾಧಾನ ಕೊಟ್ಟದ್ದು ಮೇಲಿನ ಸ್ಕಿನ್, ಅಂದರೆ ಹೊರಹೊದಿಕೆಯ ತಗಡು, ಇನ್ನೂ ಕ್ಲೀಕೋಗಳೆಂಬ ತಾತ್ಕಾಲಿಕ ಪಿನ್ನುಗಳ ಮೇಲೆಯೇ ನಿಂತಿರುವುದು. ದಯವಿಟ್ಟು ಅದನ್ನು ಈಗಲೇ ಮುಚ್ಚಬೇಡ. ಮುಚ್ಚಿದ ಮೇಲೆ ಬಾಲದ ದೀಪಕ್ಕೆ ವೈರು ಎಳೆಯಬೇಕಾದರೆ ಬ್ಯಾಗೇಜ್ ಜಾಗದ ಹಿಂದಿನಿಂದ ತೆವಳಿಕೊಂಡು ಒಳಹೊಕ್ಕು, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಾಣದ ತೂತಿಗೆ ಕೈಯನ್ನಷ್ಟೇ ನಂಬಿ ತುದಿ ತೂರಿಸಬೇಕಾಗುತ್ತದೆ. ವಿಮಾನಗಳ ವಿದ್ಯುತ್ ವಿಭಾಗದಲ್ಲಿ ಮೂವತ್ತು ವರ್ಷ ಆ ಕೆಲಸವನ್ನು ಮಾಡಿದವನು ನಾನು. ನನ್ನ ಮಂಡಿಗಳು ಈಗಲೂ ಅದನ್ನು ಮರೆತಿಲ್ಲ.

ನಿನ್ನ ಒಂಬತ್ತನೆಯ ಫೋಟೋದ ಮುಂದೆ ಬಹಳ ಹೊತ್ತು ನಿಂತೆ. ಬಾಲದ ಚುಕ್ಕಾಣಿಯಾದ ರಡ್ಡರಿನ ಕೇಬಲ್‌ಗೆಂದು ಬಲ್ಕ್‌ಹೆಡ್‌ನಲ್ಲಿ (ಒಡಲಿನ ಅಡ್ಡಗೋಡೆಯಲ್ಲಿ) ಹೇಗೂ ನೈಲಾನ್ ಬುಶಿಂಗ್, ಅಂದರೆ ಅಂಚು ತಾಗದಂತೆ ಕಾಯುವ ಬಳೆ, ಹಾಕಿದ ತೂತು ಇದೆ, ವೈರು ಬೆರಳಿಗಿಂತ ಎಷ್ಟೋ ಸಪೂರ, ಆದ್ದರಿಂದ ಅದೇ ತೂತಿನಲ್ಲಿ ತೂರಿಸಿದರೆ ಹೊಸ ತೂತು ಕೊರೆಯುವುದು ತಪ್ಪುತ್ತದೆ ಎಂದು ನೀನು ಯೋಚಿಸಿ, ಅಳತೆಗಾಗಿ ಬಿಳಿ ದಾರವನ್ನೂ ಎಳೆದಿದ್ದೀಯೆ. ಆ ದಾರವನ್ನು ಇಂದೇ ತೆಗೆದುಬಿಡು. ಆ ಕೇಬಲ್ ಎಂಟನೇ ಒಂದು ಇಂಚು ದಪ್ಪದ, ಹೆಣೆದ ಉಕ್ಕಿನ ಹಗ್ಗ. ನೀನು ಪೆಡಲ್ ಒತ್ತಿದಾಗಲೆಲ್ಲ ಅದು ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಅದರ ಪಕ್ಕದಲ್ಲಿ ಒಂದೇ ತೂತಿನಲ್ಲಿ ಕೂತ ವೈರಿಗೆ ಅದು ಗರಗಸವಿದ್ದಂತೆ. ನಿರೋಧಕ ಹೊದಿಕೆ ಸವೆದು ಒಳಗಿನ ತಾಮ್ರ ಲೋಹಕ್ಕೆ ತಾಗಿದರೆ ಫ್ಯೂಸ್ ಹೋಗುತ್ತದೆ, ದೀಪ ಆರುತ್ತದೆ. ಅಷ್ಟಕ್ಕೇ ಮುಗಿದರೆ ನೀನು ಪುಣ್ಯವಂತ. ಸಡಿಲಗೊಂಡ ವೈರಿನ ಒಂದು ಕುಣಿಕೆ ಕೇಬಲ್‌ಗೋ ವಿಮಾನದ ಮೂಗನ್ನು ಏರಿಸಿ ಇಳಿಸುವ ಎಲಿವೇಟರಿನ ಪುಶ್‌ರಾಡ್ ಎಂಬ ತಳ್ಳುವ ಸಲಾಕೆಗೋ ಅದನ್ನು ತಿರುಗಿಸುವ ಸನ್ನೆಯಾದ ಬೆಲ್‌ಕ್ರ್ಯಾಂಕ್‌ಗೋ ಸಿಕ್ಕಿಕೊಂಡರೆ, ದೀಪದ ಮಾತು ಆಮೇಲೆ, ವಿಮಾನವೇ ಕೈಯ ಮಾತು ಕೇಳುವುದಿಲ್ಲ.

ಆದ್ದರಿಂದ ಮೊದಲು ಪುಶ್‌ರಾಡ್, ಬೆಲ್‌ಕ್ರ್ಯಾಂಕ್, ರಡ್ಡರ್ ಕೇಬಲ್‌ಗಳನ್ನು ತಾತ್ಕಾಲಿಕವಾಗಿ ಜೋಡಿಸು. ಸ್ಟಿಕ್ಕನ್ನೂ ಪೆಡಲನ್ನೂ ಎಲ್ಲ ಮೂಲೆಗಳಿಗೂ ತಳ್ಳಿಸಿ, ಯಾವುದು ಎಲ್ಲಿಯವರೆಗೆ ಬರುತ್ತದೆಂದು ಸ್ಕೆಚ್ ಪೆನ್ನಿನಿಂದ ಬಲ್ಕ್‌ಹೆಡ್ ಮೇಲೆಯೇ ಗುರುತು ಹಾಕು. ಅವು ಬಿಟ್ಟುಕೊಟ್ಟ ಜಾಗದಲ್ಲಿ ಮಾತ್ರ ವೈರಿನ ದಾರಿಯನ್ನು ಹುಡುಕಬೇಕು. ನಿಮ್ಮ ದೇಶದ ವಿಮಾನಯಾನ ಇಲಾಖೆ ಎಫ್‌ಎಎ ಹೊರತಂದಿರುವ ಎಸಿ 43.13-1ಬಿ ಕೈಪಿಡಿಯ 11ನೆಯ ಅಧ್ಯಾಯ ಕಂಟ್ರೋಲ್ ಕೇಬಲ್‌ನಿಂದ ವೈರಿಗೆ ಕನಿಷ್ಠ 3 ಇಂಚು ಅಂತರ ಕೇಳುತ್ತದೆ, 24 ಇಂಚಿಗೊಂದಾದರೂ ರಬ್ಬರ್ ಮೆತ್ತೆಯ ಕ್ಲ್ಯಾಂಪ್ ಇರಲಿ ಎನ್ನುತ್ತದೆ, ಎರಡು ಕ್ಲ್ಯಾಂಪ್‌ಗಳ ನಡುವೆ ಕೈಯಿಂದ ಹಗುರಾಗಿ ಒತ್ತಿದರೆ ವೈರು ಅರ್ಧ ಇಂಚಿಗಿಂತ ಹೆಚ್ಚು ಜೋಲಬಾರದು ಎನ್ನುತ್ತದೆ. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಈ ಅಂಕಿಗಳು ಬೇಕೇ ಎಂದು ಕೇಳಬೇಡ. ಇಂಥ ಅಂಕಿಗಳ ಹಿಂದೆ ಯಾರದೋ ಕೆಟ್ಟ ದಿನ ಇರುತ್ತದೆ. ನಿನ್ನ ಫೋಟೋಗಳನ್ನು ನೋಡಿದರೆ ಬಲಗಡೆಯ ಮೇಲ್ಭಾಗದ ಸ್ಟ್ರಿಂಗರ್ (ಒಡಲಿನ ಉದ್ದಕ್ಕೂ ಇರುವ ಬಲಪಟ್ಟಿ) ಜೊತೆಯಲ್ಲಿ ಸಾಗುವ ದಾರಿ ಒಳ್ಳೆಯದಾಗಿ ಕಾಣುತ್ತದೆ. ಪ್ರತಿ ಬಲ್ಕ್‌ಹೆಡ್‌ನಲ್ಲೂ ಹೊಸ ತೂತು ಕೊರೆ, ಆದರೆ ಅಂಚಿನ ಬಾಗಿನಲ್ಲೋ ರಿವೆಟ್ ಪಕ್ಕದಲ್ಲೋ ಬೇಡ. ನಕ್ಷೆ ನೋಡಿ, ಕಿಟ್ ಕಂಪನಿಯವರನ್ನು ಕೇಳಿ, ತೂತಿನ ಜಾಗವನ್ನು ಖಚಿತಪಡಿಸಿಕೊಂಡು ಕೊರೆ. ಅಂಚನ್ನು ಬೆರಳಿಗೆ ಏನೂ ತಾಗದಷ್ಟು ನಯಮಾಡಿ ಬುಶಿಂಗ್ ಕೂರಿಸು.

ಇನ್ನು ವೈರಿನ ಆಯ್ಕೆ. ಕಾರಿಗೆ ಹಾಕುವ ಪಿವಿಸಿ ವೈರು ಬೇಡ; ಅದು ಉರಿದರೆ ಏಳುವ ಹೊಗೆಯಲ್ಲಿ ಆಮ್ಲದ ಅನಿಲ ಇರುತ್ತದೆ, ಕಾಕ್‌ಪಿಟ್‌ನಲ್ಲಿ ಕಿಟಕಿ ತೆರೆದು ಕೂರಲಾಗುವುದಿಲ್ಲ. ಟೆಫ್‌ಜೆಲ್ ಎಂಬ ಶಾಖ ತಡೆಯುವ ಪ್ಲಾಸ್ಟಿಕ್ ಹೊದಿಕೆಯ 22 ಗೇಜ್ ವೈರು ನಿನ್ನ ಎಲ್‌ಇಡಿ ದೀಪಕ್ಕೆ ಧಾರಾಳ. ಲೆಕ್ಕ ನೀನೇ ಹಾಕಿ ನೋಡು: ಮೀಟರಿಗೆ ಸುಮಾರು 0.053 ಓಮ್, ಹೋಗಿ ಬರುವ ದಾರಿ 10 ಮೀಟರ್, ದೀಪ ಎಳೆಯುವುದು ನೀನು ಬರೆದಂತೆ ಅರ್ಧ ಆಂಪಿಯರ್. ಕಳೆದುಹೋಗುವುದು ಕಾಲು ವೋಲ್ಟಿನ ಆಸುಪಾಸು. ನಮ್ಮ ಕಾಲದ ತಂತು ಬಲ್ಬ್ ಎರಡು ಆಂಪಿಯರ್ ಎಳೆಯುತ್ತಿದ್ದಾಗ ಇದೇ ವೈರಿನಲ್ಲಿ ಒಂದು ವೋಲ್ಟ್ ಕರಗುತ್ತಿತ್ತು, ಹಾಗಾಗಿ ದಪ್ಪ ವೈರು ಎಳೆಯುತ್ತಿದ್ದೆವು. ಎಲ್‌ಇಡಿಗೆ ಇನ್ನೂ ಸಣ್ಣದು ಸಾಕಲ್ಲವೇ ಎಂದು ನೀನು ಕೇಳುವುದು ಗೊತ್ತು. ವಿದ್ಯುತ್ತಿಗೆ ಸಾಕು, ಆದರೆ ಅದು ಅದುರುವ ಬಾಲದಲ್ಲಿ ಬದುಕಬೇಕಲ್ಲ.

ದೀಪದ ನೆಗೆಟಿವ್ ವೈರನ್ನೂ ಮುಂದಿನವರೆಗೆ ಎಳೆಯಬೇಕೇ ಎಂದು ನೀನು ಕೇಳಿದ ಪ್ರಶ್ನೆ ಒಳ್ಳೆಯದು. ಇಡೀ ವಿಮಾನ ಅಲ್ಯೂಮಿನಿಯಮ್ ಆಗಿರುವಾಗ ದೀಪದ ಕರಿ ವೈರನ್ನು ಬಾಲದಲ್ಲಿಯೇ ವಿಮಾನದ ಲೋಹದ ಒಡಲಿಗೆ ಜೋಡಿಸಿದರೆ ದೀಪ ಚೆನ್ನಾಗಿಯೇ ಉರಿಯುತ್ತದೆ. ಬಹಳ ಜನ ಹಾಗೆ ಮಾಡಿದ್ದಾರೆ, ಅದನ್ನು ತಪ್ಪು ಎನ್ನಲಾರೆ. ನಿನ್ನ ವಿಷಯದಲ್ಲಿ ಮಾತ್ರ ಬೇಡ ಎನ್ನುತ್ತೇನೆ, ಏಕೆಂದರೆ ದಿಕ್ಕು ತೋರಿಸುವ ಮ್ಯಾಗ್ನೆಟೋಮೀಟರನ್ನೂ ನೀನು ಅದೇ ಹಿಂಭಾಗದಲ್ಲಿ ಕೂರಿಸಲು ಹೊರಟಿದ್ದೀಯೆ. ಅದರಿಂದ 10 ಸೆಂಟಿಮೀಟರ್ ದೂರದಲ್ಲಿ ಒಂಟಿ ವೈರಿನಲ್ಲಿ ಅರ್ಧ ಆಂಪಿಯರ್ ಹರಿದರೆ 1 ಮೈಕ್ರೋಟೆಸ್ಲಾ ಕಾಂತಕ್ಷೇತ್ರ ಹುಟ್ಟುತ್ತದೆ. ನಿಮ್ಮ ಓರೆಗಾನ್‌ನಲ್ಲಿ ಭೂಮಿಯ ಕಾಂತಕ್ಷೇತ್ರದ ಸಮತಲ ಭಾಗ ಸುಮಾರು 20 ಮೈಕ್ರೋಟೆಸ್ಲಾ ಇರುವುದರಿಂದ, ದೀಪ ಹಾಕಿದ ಕೂಡಲೇ ನಿನ್ನ ದಿಕ್ಕು ಮೂರು ಡಿಗ್ರಿಯವರೆಗೂ ಹೊರಳಬಹುದು. ಅದೇ ದೀಪದಲ್ಲಿ ಸ್ಟ್ರೋಬ್ ಕೂಡ ಇದ್ದರೆ ಮಿಂಚಿದಾಗಲೆಲ್ಲ ಒಮ್ಮೆ ತಲೆ ಅಲ್ಲಾಡಿಸೀತು. ಹೋಗುವ ವೈರು, ಬರುವ ವೈರು ಎರಡನ್ನೂ ಹೊಸೆದು ಎಳೆದರೆ ಒಂದರ ಕ್ಷೇತ್ರವನ್ನು ಇನ್ನೊಂದು ಅಳಿಸುತ್ತದೆ. ಎರಡು ವೈರುಗಳ ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕೈ ಡ್ರಿಲ್ಲಿನ ಬಾಯಿಗೆ ಕೊಟ್ಟು, ಬಿಗಿಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಬತ್ತಿ ಹೊಸೆದ ಹಾಗೆ ಹೊಸೆದುಕೊಳ್ಳುತ್ತವೆ. ಹೆಚ್ಚುವರಿ ತೂಕ ಇಪ್ಪತ್ತೈದು ಗ್ರಾಮಿನ ಒಳಗೆ. ಮ್ಯಾಗ್ನೆಟೋಮೀಟರ್ ಇರುವ ಬದಿಯನ್ನು ಬಿಟ್ಟು ಎದುರು ಬದಿಯಲ್ಲಿ ಎಳೆಯುವುದನ್ನೂ ಮರೆಯಬೇಡ.

ಈಗ ರಡ್ಡರಿನ ಕೀಲು. ಬಿಳಿ ದೀಪ ನೇರ ಹಿಂದಿನಿಂದ ಎಡಕ್ಕೂ ಬಲಕ್ಕೂ 70 ಡಿಗ್ರಿಯವರೆಗೆ ಬೆಳಕು ಕೊಡಬೇಕೆಂಬ ನಿಯಮಕ್ಕೆ ಒಪ್ಪುವಂತೆ ನೀನು ಅದನ್ನು ರಡ್ಡರಿನ ಕೆಳತುದಿಯ ಫೈಬರ್ ಫೇರಿಂಗ್‌ನಲ್ಲಿ (ಗಾಳಿಯನ್ನು ಜಾರಿಸುವ ಮುಚ್ಚಳದಲ್ಲಿ) ಇಡುತ್ತಿದ್ದೀಯೆ. ಹಾಗಾಗಿ ವೈರು ನಿಂತ ಭಾಗದಿಂದ ಚಲಿಸುವ ಭಾಗಕ್ಕೆ ಹಾರಲೇಬೇಕು. ಬಹಳ ವರ್ಷಗಳ ಹಿಂದೆ ಒಂದು ತರಬೇತಿ ವಿಮಾನ ನನ್ನ ಬಳಿ ಬಂತು. ಅದರ ಬಾಲದ ದೀಪ ನೆಲದ ಮೇಲೆ ಸರಿ, ಹಾರುವಾಗ ಕೆಲವೊಮ್ಮೆ ಮಿಣಕು. ಎರಡು ಬಾರಿ ಬಲ್ಬ್ ಬದಲಾಯಿತು, ಹೋಲ್ಡರ್ ಬದಲಾಯಿತು, ಪೈಲಟ್ ಬರೆದ ದೂರು ಮಾತ್ರ ಹಾಗೆಯೇ ಉಳಿಯಿತು. ಕೊನೆಗೆ ಒಬ್ಬ ಹುಡುಗನನ್ನು ಒಳಗೆ ಕೂರಿಸಿ ಎಡ ಪೆಡಲನ್ನು ಪೂರ್ತಿ ಒತ್ತಿಸಿದೆ, ದೀಪ ಆರಿತು. ಬಿಡಿಸಿದೆ; ಹತ್ತಿತು. ಕೀಲಿನ ಹತ್ತಿರ ವೈರನ್ನು ಬೆರಳುಗಳ ನಡುವೆ ಹಿಡಿದು ಸವರಿಕೊಂಡು ಹೋದಾಗ ಒಂದು ಕಡೆ ಅದು ಬೆಂದ ಶಾವಿಗೆಯ ಹಾಗೆ ಮೆತ್ತಗೆ ಮಣಿಯಿತು. ಹೊದಿಕೆ ಹೊಸದರಂತೆ ಹೊಳೆಯುತ್ತಿತ್ತು, ಒಳಗಿನ ಎಳೆಗಳೆಲ್ಲ ತುಂಡಾಗಿದ್ದವು. ಯಾರೋ ಅಲ್ಲಿ ಬೆಸುಗೆ ಹಾಕಿ ವೈರು ಸೇರಿಸಿದ್ದರು. ಸೀಸ ಎಳೆಗಳೊಳಗೆ ಹರಿದು ಗಟ್ಟಿಯಾಗಿ, ಆ ಗಟ್ಟಿ ಭಾಗ ಮುಗಿಯುವಲ್ಲಿಯೇ ಎಲ್ಲ ಬಾಗುವಿಕೆಯೂ ಬಿದ್ದಿತ್ತು.

ನಿನ್ನ ರಡ್ಡರ್ ಎರಡೂ ಕಡೆ 30ರಿಂದ 35 ಡಿಗ್ರಿ ತಿರುಗುತ್ತದೆ. ವೈರು ಕೀಲಿನ ಅಕ್ಷಕ್ಕೆ ಆದಷ್ಟು ಹತ್ತಿರ ದಾಟಲಿ, ದಾಟುವಲ್ಲಿ ಉದಾರವಾದ ಒಂದು ಬಳುಕು ಇರಲಿ, ಅದರ ಎರಡೂ ಕೊನೆಗಳು ಕ್ಲ್ಯಾಂಪ್‌ನಲ್ಲಿ ಭದ್ರವಾಗಿರಲಿ. ನಡುವೆ ಯಾವ ಜೋಡಣೆಯೂ ಬೇಡ. ಬಳುಕು ಎಷ್ಟೇ ಉದಾರವಾಗಿದ್ದರೂ ಕೇಬಲ್ ಹಿಡಿಯುವ ರಡ್ಡರಿನ ಕೊಂಬಿಗೂ ಬಾಲಚಕ್ರದ ಸ್ಟೀರಿಂಗ್ ಸರಪಳಿಗೂ ಎಟುಕಬಾರದು. ಕನೆಕ್ಟರನ್ನು ಕೀಲಿನ ಈಚೆ, ವಿಮಾನದ ಒಡಲಿನ ಒಳಗೆ, ಕೈ ಎಟುಕುವಲ್ಲಿ ಇಡು. ಬಣ್ಣಕ್ಕೆಂದು ರಡ್ಡರ್ ಬಿಚ್ಚುವ ದಿನ ವೈರು ಕತ್ತರಿಸುವ ಪ್ರಸಂಗ ಬರುವುದಿಲ್ಲ. ಬೆಸುಗೆ ಬಿಟ್ಟು, ಕನೆಕ್ಟರಿನ ಪಿನ್ನನ್ನು ವೈರಿಗೆ ಅದುಮಿ ಕೂರಿಸುವ ಒಳ್ಳೆಯ ಕ್ರಿಂಪಿಂಗ್ ಟೂಲ್ ಕೊಂಡುಕೋ, ಈ ಒಂದರಲ್ಲಿ ಜಿಪುಣತನ ಬೇಡ. ನಿಮ್ಮೂರಿನ ಮಳೆಯನ್ನು ನಾನು ಬಂದಾಗ ಕಂಡಿದ್ದೇನೆ. ಕನೆಕ್ಟರಿಗೆ ಸೇರುವ ಮುನ್ನ ವೈರು ಒಮ್ಮೆ ಕೆಳಗಿಳಿದು ಮೇಲೇರುವಂತೆ ಬಿಟ್ಟರೆ ನೀರು ಆ ತಗ್ಗಿನಿಂದ ತೊಟ್ಟಿಕ್ಕಿಹೋಗುತ್ತದೆ.

ಕಟ್ಟುವುದಕ್ಕೆ ಪ್ಲಾಸ್ಟಿಕ್ ಟೈ ಹಾಕಿದರೆ ಅದರ ಉಳಿದ ತುದಿಯನ್ನು ಮಟ್ಟಸವಾಗಿ ಕತ್ತರಿಸು, ಇಲ್ಲದಿದ್ದರೆ ಮುಂದೆ ಒಳಗೆ ಕೈ ಹಾಕುವವನ ಮುಂಗೈ ಗೀರಿ ರಕ್ತ ಬರುತ್ತದೆ. ನನಗೆ ಇಷ್ಟ ಮೇಣದ ದಾರದ ಲೇಸಿಂಗ್. ನಿನ್ನ ಅತ್ತೆ ಮಲ್ಲಿಗೆ ದಂಡೆ ಕಟ್ಟುವುದನ್ನು ನೋಡುತ್ತಲೇ ನಾನು ಆ ಗಂಟಿನ ಹದ ಕಲಿತದ್ದು: ಹೂವು ಜಾರಬಾರದು, ತೊಟ್ಟು ಮುರಿಯಬಾರದು.

ದೀಪದ ವೈರಿನ ಜೊತೆಯಲ್ಲಿ ಒಂದು ಖಾಲಿ ದಾರವನ್ನೂ ಮುಂದಿನಿಂದ ಬಾಲದವರೆಗೆ ಎಳೆದು ಎರಡೂ ತುದಿಗಳನ್ನು ಕಟ್ಟಿಬಿಡು. ಮುಂದೆ ಕ್ಯಾಮೆರಾನೋ ಇನ್ನೇನೋ ಬೇಕೆಂದು ನಿನಗೆ ಅನಿಸಿಯೇ ಅನಿಸುತ್ತದೆ. ಸ್ಕಿನ್ ಮುಚ್ಚುವ ಮೊದಲು ಪೆಡಲನ್ನು ಎರಡೂ ಕೊನೆಗೆ ಒತ್ತಿಸಿ, ಕೀಲಿನ ಬಳಿಯ ಬಳುಕಿನ ಎರಡು ಫೋಟೋ ತೆಗೆದು ನನಗೆ ಕಳಿಸು. ಇಲ್ಲಿ ರಾತ್ರಿಯಾಗಿದ್ದರೂ ಚಿಂತೆಯಿಲ್ಲ, ನೋಡಿ ಉತ್ತರಿಸುತ್ತೇನೆ.

ಇಂತಿ ನಿನ್ನ ಮಾವ