ಅವ್ವನ ನಾಲ್ಕು ಫೋಟೊ

ಶ್ರಾವಣದ ಮೊದಲ ಸೋಮವಾರ, 2021ರ ಆಗಸ್ಟ್ 9ರಂದು, ಅವ್ವ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದಳು. ಕೊರೊನಾ ಇನ್ನೂ ಇದೆಯೆಂದು ಹೆಚ್ಚು ಮಂದಿಯನ್ನು ಕರೆಯಲಿಲ್ಲ. ನಾವು ಮಕ್ಕಳು, ಓಣಿಯ ನಾಲ್ಕು ಮನೆಯವರು, ಅಷ್ಟೇ. ಎಲೆ ಹಾಕಿ ಉಣ್ಣಿಸಿ ಕೈಮುಗಿಯಬೇಕಾದ ಎಷ್ಟೋ ಜನ ಹಾಗೇ ಉಳಿದುಬಿಟ್ಟರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

2019ರ ಪಂಚಮಿಗೆ ತವರಿಗೆ ಬಂದಿದ್ದೆ. ನಮ್ಮೂರು ಬಾದಾಮಿ ತಾಲೂಕಿನಲ್ಲಿ, ಮಲಪ್ರಭೆಯ ದಂಡೆಗೆ. ಹಬ್ಬ ಮುಗಿದು ಎರಡು ಮೂರು ದಿನಕ್ಕೇ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಡುತ್ತಾರೆಂದು ಸುದ್ದಿ ಬಂತು. 2009ರಲ್ಲಿ ಹೊಳೆ ನಮ್ಮ ಕಟ್ಟೆ ಮುಟ್ಟಿ ಹಿಂದೆ ಸರಿದಿತ್ತು. ಅದನ್ನೇ ನೆನೆದು ಅವ್ವ "ಈ ಸಲಾನೂ ಇಳಿತೈತಿ ಬಿಡು" ಅಂದಳು. ಇಳಿಯಲಿಲ್ಲ. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನುಗ್ಗಿದ ನೀರು ಅದು. ಉಟ್ಟ ಬಟ್ಟೆಯಲ್ಲೇ ಟ್ರ್ಯಾಕ್ಟರ್ ಹತ್ತಿ ಗಂಜಿ ಕೇಂದ್ರ ಸೇರಿದೆವು.

ನೀರಿಳಿದ ಮೇಲೆ ಬಂದು ನೋಡಿದರೆ, ಅಜ್ಜ ಕಟ್ಟಿಸಿದ ಮೇಲ್ಮುದ್ದೆ (ಮಣ್ಣಿನ ಮಾಳಿಗೆಯ) ಮನೆ ಕೆಸರಿನ ದಿಬ್ಬವಾಗಿತ್ತು. ರಸ್ತೆ ಕಡೆಯ ಗೋಡೆ ಒಂದು ಮಾತ್ರ ನಿಂತಿತ್ತು. ಪಂಚಮಿ ಉಂಡಿ ಇಟ್ಟಿದ್ದ ಸ್ಟೀಲ್ ಡಬ್ಬಿ ಜಾಲಿ ಕಂಟಿಯಲ್ಲಿ ಸಿಕ್ಕಿಕೊಂಡಿತ್ತು. ಮುಚ್ಚಳ ತೆಗೆದರೆ ಒಳಗಿನ ಶೇಂಗಾ ಉಂಡಿಗೆ ಹನಿ ನೀರು ತಾಕಿರಲಿಲ್ಲ. ಅವ್ವ ಅಲ್ಲೇ ಕೆಸರಲ್ಲಿ ಕೂತು ಅತ್ತಳು. ಆಮೇಲೆ ಡಬ್ಬಿ ಎತ್ತಿಕೊಂಡು ಹೋಗಿ ಕೇಂದ್ರದಲ್ಲಿದ್ದ ಮಕ್ಕಳಿಗೆಲ್ಲ ಹಂಚಿದಳು.

ಆ ದಿನಗಳಲ್ಲಿ ಯಾವ್ಯಾವುದೋ ಊರಿನಿಂದ ಗಾಡಿಗಟ್ಟಲೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಹೊದಿಕೆ ಕಳಿಸಿದವರೇ, ನಿಮ್ಮ ಹೆಸರು ಕೂಡ ನಮಗೆ ಗೊತ್ತಿಲ್ಲ. ನೀವು ಕಳಿಸಿದ ಗಂಟಿನಲ್ಲಿ ಒಂದು ಹಸಿರು ಸೀರೆ ಇತ್ತು. ಅದರ ವಿಷಯ ಮುಂದೆ ಹೇಳುತ್ತೇನೆ.

ತುರ್ತು ಪರಿಹಾರದ 10,000 ರೂಪಾಯಿ ಬೇಗ ಬಂತು. ಮನೆಯ ಪಟ್ಟಿಯಲ್ಲಿ ಮಾತ್ರ ನಮ್ಮದು 'ಸಿ' ಎಂದು ಬಿದ್ದಿತ್ತು. 'ಸಿ' ಅಂದರೆ ಅಲ್ಪಸ್ವಲ್ಪ ಹಾನಿ, ಆಗ 50,000 ರೂಪಾಯಿ. ಸಮೀಕ್ಷೆಗೆ ಬಂದವರು ರಸ್ತೆಯಲ್ಲೇ ನಿಂತು, ನಿಂತಿದ್ದ ಆ ಒಂದು ಗೋಡೆ ನೋಡಿ ಹೋಗಿದ್ದರು. ಅವ್ವ ಎರಡು ದಿನ ಊಟ ಬಿಟ್ಟಳು. ಮರುಸಮೀಕ್ಷೆಗೆ ಅರ್ಜಿ ಬರೆದುಕೊಟ್ಟವರು ನಮ್ಮೂರ ಶಾಲೆಯ ಮೇಷ್ಟ್ರು. ಅರ್ಜಿ ಹಿಡಿದು ಅವ್ವನ ಜೊತೆ ತಾಲೂಕು ಕಚೇರಿಗೆ ಮೂರು ಸಲ ಅಲೆದವರು ಪಂಚಾಯಿತಿಯ ಮಹಿಳಾ ಸದಸ್ಯೆ. ಕೊನೆಗೆ ಬಂದ ಹುಡುಗ ಎಂಜಿನಿಯರ್ ಬೂಟು ಕಳಚಿಟ್ಟು ಹಿತ್ತಲಿಗೆ ಇಳಿದರು. ಆ ಗೋಡೆಗೆ ಅಂಗೈ ಒತ್ತಿದರೆ ಮಣ್ಣು ಹಿಟ್ಟಿನ ಹಾಗೆ ಉದುರಿತು. "ಅಜ್ಜಿ, ಇದು ಎ" ಅಂದರು. 'ಎ' ಅಂದರೆ ಪೂರ್ತಿ ಬಿದ್ದ ಮನೆ. ಎಂಜಿನಿಯರ್ ಸಾಹೇಬರೇ, ನೀವು ಮರೆತಿರಬಹುದು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಮರೆಯುವುದಿಲ್ಲ.

ವಿಪತ್ತು ಪರಿಹಾರ ನಿಧಿಯ ನಿಯಮದ ಪ್ರಕಾರ ಪೂರ್ತಿ ಬಿದ್ದ ಮನೆಗೆ ಆಗ ಇದ್ದದ್ದು 95,100 ರೂಪಾಯಿ. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಅದನ್ನು 5 ಲಕ್ಷ ಮಾಡಿತು. ಆಗಿನ ಉಸುಕು, ಕಬ್ಬಿಣದ ರೇಟಿನಲ್ಲಿ 95,100ಕ್ಕೆ ಪಾಯ ಎದ್ದು ಗೋಡೆ ಏಳುವಷ್ಟರಲ್ಲಿ ಕೈ ಖಾಲಿ ಆಗುತ್ತಿತ್ತು. ಈ ಹಣದಲ್ಲಿ ತೆರಿಗೆ ಕಟ್ಟುವ ಪ್ರತಿಯೊಬ್ಬರ ಪಾಲಿದೆ. ಅವರಿಗೆಲ್ಲ ಅವ್ವನ ಪರವಾಗಿ ಶರಣು.

ಹಣ ಒಮ್ಮೆಲೇ ಬರುತ್ತಿರಲಿಲ್ಲ. ಮೊದಲ ಕಂತು 1 ಲಕ್ಷ. ಆಮೇಲೆ ಪಾಯ, ಲಿಂಟಲ್ (ಬಾಗಿಲು-ಕಿಟಕಿ ಮೇಲಿನ ತೊಲೆ), ಸ್ಲ್ಯಾಬ್, ಹೀಗೆ ಕೆಲಸ ಎದ್ದಂತೆ ಮನೆಯ ಮುಂದೆ ಫಲಾನುಭವಿಯನ್ನು ನಿಲ್ಲಿಸಿ ಮೊಬೈಲಿನಲ್ಲಿ ಜಿಪಿಎಸ್ ಫೋಟೊ ತೆಗೆಯುತ್ತಿದ್ದರು. ಅದು ರಾಜೀವ್ ಗಾಂಧಿ ವಸತಿ ನಿಗಮಕ್ಕೆ ಹೋಗಿ ಒಪ್ಪಿಗೆಯಾದ ಮೇಲೆ ಮುಂದಿನ ಕಂತು ಖಾತೆಗೆ ಬೀಳುತ್ತಿತ್ತು. ಅಂದರೆ ಮೊದಲು ಕೈಯಿಂದ ಹಾಕಬೇಕಿತ್ತು, ಆಮೇಲೆ ಹಣ. ಕೈಯಲ್ಲಿ ಏನೂ ಇಲ್ಲದವರು ಒಂದು ಫೋಟೊ ಮತ್ತು ಮುಂದಿನ ಫೋಟೊ ನಡುವೆಯೇ ಸಿಕ್ಕಿಬೀಳುತ್ತಿದ್ದರು. ನಮ್ಮನ್ನು ಅಲ್ಲಿಂದ ದಾಟಿಸಿದವರಿಗೇ ನನ್ನ ಈ ನಮಸ್ಕಾರ ಹೆಚ್ಚು.

ಸ್ವಸಹಾಯ ಸಂಘದ ಅಕ್ಕಂದಿರು ಲಿಂಟಲ್ ಮಟ್ಟಕ್ಕೆ 40,000 ಸಾಲ ಕೊಟ್ಟರು. ಲಾಕ್‌ಡೌನ್‌ನಲ್ಲಿ ಕೆಲಸ ನಿಂತಾಗ ಸಾಲದ ಕಂತು ಕೇಳಲಿಲ್ಲ, "ಯಕ್ಕಾ, ನೀ ಮೊದಲ ಮನಿ ಮುಗಸು" ಅಂದರು. ಗೌಂಡಿ ಕಾಕಾ ಮೂರು ತಿಂಗಳ ಪಗಾರ ಬಾಕಿ ಇಟ್ಟುಕೊಂಡೇ ಗೋಡೆ ಎಬ್ಬಿಸಿದರು. ಪಾಯ ಮೂರು ಅಡಿ ಎತ್ತರಿಸಿದ್ದೂ ಅವರ ಹಟವೇ. ಈ ವರ್ಷ ಸಂಕ್ರಾಂತಿ ಮುಗಿದ ಮೇಲೆ ಸ್ಲ್ಯಾಬ್ ಹಾಕಿದ ದಿನ ಓಣಿಯ ಹುಡುಗರು ಕೂಲಿ ಕೇಳದೆ ಸಂಜೆತನಕ ಕಾಂಕ್ರೀಟ್ ಬುಟ್ಟಿ ಹೊತ್ತರು.

ಕಾಂಕ್ರೀಟ್ ಗಟ್ಟಿಯಾಗಲು ಸ್ಲ್ಯಾಬ್ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕಲ್ಲ, ಅವ್ವನಿಗೆ ಅದೇ ಭಯ. "ತಲಿ ಮ್ಯಾಲ ನೀರ ನಿಂದರಸತೀರೇನೋ" ಅಂತ ಏಣಿ ಹತ್ತಲೇ ಇಲ್ಲ. ಪಕ್ಕದ ಮನೆ ಚಿಗವ್ವ ದಿನಾ ಬೆಳಿಗ್ಗೆ ಸಂಜೆ ಕೊಡ ಹೊತ್ತು ಹತ್ತಿ ನೀರು ಕಟ್ಟಿದಳು. ಒಂದು ದಿನ ಅವ್ವನ ಕೈಹಿಡಿದು ಮೇಲೆ ಕರೆದುಕೊಂಡು ಹೋದಳು. ಅವ್ವ ಆ ನೀರಲ್ಲಿ ಕಾಲಿಟ್ಟು ಸುಮ್ಮನೆ ನಿಂತಳು. ಇಳಿದ ಮೇಲೆ "ಕೆಳಗ ಒಂದ ಹನೀನೂ ಬರವಲ್ದು" ಅಂತ ಎಲ್ಲರಿಗೂ ಹೇಳಿಕೊಂಡು ಬಂದಳು.

ನಾಲ್ಕೂ ಫೋಟೊ ಈಗ ನನ್ನ ಮೊಬೈಲಿನಲ್ಲಿವೆ. ಮೊದಲಿನದರಲ್ಲಿ ಅವ್ವ ಯಾರೋ ಕಳಿಸಿದ ಆ ಹಸಿರು ಸೀರೆ ಉಟ್ಟು, ಸೆರಗು ಬಾಯಿಗಿಟ್ಟುಕೊಂಡು, ಕ್ಯಾಮೆರಾ ನೋಡದೆ ನಿಂತಿದ್ದಾಳೆ. ಕೊನೆಯದರಲ್ಲೂ ಬೇಕಂತಲೇ ಅದೇ ಸೀರೆ. ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿದೆ, ಕಣ್ಣು ನೇರ ಕ್ಯಾಮೆರಾದ ಮೇಲೆ.

ನಮ್ಮ ಓಣಿಯಲ್ಲೇ ಮೂರು ಮನೆಗಳು ಇನ್ನೂ ಕಂತಿಗೆ ಕಾಯುತ್ತಿವೆ. ಅರ್ಜಿ, ಫೋಟೊ, ಬ್ಯಾಂಕ್ ಪಾಸ್‌ಬುಕ್ ಏನೇ ತೊಡಕಿದ್ದರೂ ಹೇಳಿ, ಕೂತು ಬರೆದುಕೊಡುತ್ತೇನೆ. ಈ ಶುಕ್ರವಾರದ ಪಂಚಮಿಯನ್ನು ಹೊಸ ಮನೆಯಲ್ಲೇ ಮಾಡಿದೆವು. ಅವ್ವ ಈ ಸಲ ಮೂರು ಪಟ್ಟು ಉಂಡಿ ಕಟ್ಟಿದ್ದಾಳೆ. ಡಬ್ಬಿ ಅದೇ. ಭಾನುವಾರ ಅದನ್ನು ಹಿಡಿದು ನಿಮ್ಮ ಮನೆಗಳಿಗೇ ಬರುತ್ತಾಳೆ, ಬಾಗಿಲು ತೆಗೆದಿಟ್ಟಿರಿ.